ಮನೆಯಲ್ಲೇ ಲ್ಯಾವೆಂಡರ್ ಎಣ್ಣೆ: ಹೂ ಆರಿಸುವುದರಿಂದ ಬಾಟಲಿ ತುಂಬುವವರೆಗೆ

ತಲೆಗೆ ಹಚ್ಚುವ ಎಣ್ಣೆ ಕಾಯಿಸುವುದು ನಮ್ಮ ಮನೆಗಳಿಗೆ ಹೊಸದೇನಲ್ಲ. ಗರುಗದ ಸೊಪ್ಪು, ಒಂದೆಲಗ, ದಾಸವಾಳದ ಎಲೆ, ಕರಿಬೇವು, ಒಂದು ಚಮಚ ಮೆಂತ್ಯ. ಎಲ್ಲವನ್ನೂ ಅರೆದು ಕೊಬ್ಬರಿ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿಡುತ್ತೇವೆ. ಮೊದಲು ನೊರೆ ಏಳುತ್ತದೆ, ಆಮೇಲೆ ಚಟಪಟ ಸದ್ದು. ಆ ಸದ್ದು ನಿಂತಿತು ಅಂದರೆ ಸೊಪ್ಪಿನ ನೀರೆಲ್ಲ ಹೋಯಿತು, ಎಣ್ಣೆ ಹದಕ್ಕೆ ಬಂತು ಅಂತ ಲೆಕ್ಕ.

ಲ್ಯಾವೆಂಡರ್‌ಗೂ ಇದೇ ಕ್ರಮ ಹಿಡಿದರೆ ಎಣ್ಣೆ ಕೈಕೊಡುತ್ತದೆ. ನೀರು ಹೋಗುವಷ್ಟು ಕಾಯಿಸಿದರೆ ಪರಿಮಳವೂ ಅದರ ಜೊತೆಗೇ ಹೋಗಿರುತ್ತದೆ. ಕೊನೆಗೆ ಉಳಿಯುವುದು ಹುರಿದ ಹುಲ್ಲಿನ ವಾಸನೆ. ಅದಕ್ಕೇ ಇಲ್ಲಿ ಕೆಲಸ ತಿರುವುಮುರುವು. ನೀರನ್ನು ಒಲೆಯ ಮೇಲೆ ತೆಗೆಯುವುದಲ್ಲ, ಹೂವು ಎಣ್ಣೆಗೆ ಬೀಳುವ ಮೊದಲೇ ತೆಗೆದಿರಬೇಕು. ಮುಂದೆ ಓದುವಾಗ ಒಣಗಿಸಿ, ಒರೆಸಿ, ಆರಲಿ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಬೇಸರ ಮಾಡಿಕೊಳ್ಳಬೇಡಿ. ಈ ಎಣ್ಣೆ ಕೆಡುವುದಿದ್ದರೆ ಹೆಚ್ಚಾಗಿ ಅಲ್ಲೇ ಕೆಡುತ್ತದೆ.

## ಇದು ಯಾವ ಎಣ್ಣೆ, ಯಾವುದಲ್ಲ

ಅಂಗಡಿಯಲ್ಲಿ 10 ಮಿಲಿಯ ಪುಟ್ಟ ಬಾಟಲಿಯಲ್ಲಿ ಸಿಗುವುದು ಎಸೆನ್ಶಿಯಲ್ ಆಯಿಲ್. ಹೂಗೊಂಚಲಿನ ಮೂಲಕ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿ, ನೀರಿನ ಮೇಲೆ ತೇಲುವ ಎಣ್ಣೆಯನ್ನು ಬೇರ್ಪಡಿಸಿ ತೆಗೆದದ್ದು ಅದು. 100 ಕಿಲೋ ಹೂಗೊಂಚಲಿಗೆ ಹೆಚ್ಚುಕಡಿಮೆ ಒಂದು ಕಿಲೋ ಎಣ್ಣೆ ಸಿಗುತ್ತದೆ. ಅಷ್ಟು ಗಾಢವಾದದ್ದನ್ನು ಹಾಗೇ ಮೈಗೆ ಹಚ್ಚಬಾರದು.

ನಾವು ಮಾಡಹೊರಟಿರುವುದು ಬೇರೆ. ಒಣ ಹೂವನ್ನು ಎಳ್ಳೆಣ್ಣೆ ಅಥವಾ ಬಾದಾಮಿ ಎಣ್ಣೆಯಲ್ಲಿ ನೆನೆಹಾಕಿ, ಹೂವಿನ ಸತ್ವವನ್ನು ಆ ಎಣ್ಣೆಗೇ ಇಳಿಸುವುದು. ಪರಿಮಳ ಮೆದುವಾಗಿರುತ್ತದೆ. ಹಚ್ಚಿದವರಿಗೆ ಗೊತ್ತಾಗುತ್ತದೆ, ಪಕ್ಕದ ಕೋಣೆಯಲ್ಲಿರುವವರಿಗೆ ಗೊತ್ತಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಂಗಡಿಯ ಬಾಟಲಿಯ ಘಾಟು ಪರಿಮಳವೇ ಬರುತ್ತದೆ ಅಂದುಕೊಂಡು ಶುರುಮಾಡಿದವರು ಮೊದಲ ಸಲಕ್ಕೇ ಕೈಬಿಡುತ್ತಾರೆ.

ಬಣ್ಣದ ವಿಷಯವೂ ಅಷ್ಟೇ. ಎಣ್ಣೆ ನೇರಳೆ ಆಗುವುದಿಲ್ಲ. ಹೂವಿಗೆ ಆ ಬಣ್ಣ ಕೊಡುವ ಆಂಥೋಸಯಾನಿನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಸರಿಯಾಗಿ ಮಾಡಿದ ಎಣ್ಣೆ ಹಸಿರು ಬೆರೆತ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಲ್ಯಾವೆಂಡರ್ ನೆನೆಸಿದ ಎಣ್ಣೆ ಅಂತ ಯಾರಾದರೂ ನೇರಳೆ ಬಣ್ಣದ್ದನ್ನು ಮಾರುತ್ತಿದ್ದರೆ ಅದಕ್ಕೆ ಬಣ್ಣ ಬೆರೆಸಿದ್ದಾರೆ ಅಂತಲೇ ಅರ್ಥ.

## ಹೂವು ಎಲ್ಲಿಂದ, ಯಾವುದು

ಲ್ಯಾವೆಂಡರ್ ಅನ್ನುವ ಹೆಸರಲ್ಲಿ ಹಲವು ಗಿಡಗಳಿವೆ. ಎಣ್ಣೆಗೆ ಬೇಕಾದದ್ದು ಲ್ಯಾವೆಂಡುಲಾ ಅಂಗುಸ್ಟಿಫೋಲಿಯಾ. ಇದರಲ್ಲಿ ಸಿಹಿ ಪರಿಮಳ ಕೊಡುವ ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್ ಜಾಸ್ತಿ, ಕರ್ಪೂರದ ಅಂಶ ತೀರಾ ಕಡಿಮೆ. ಹಾಗಾಗಿ ಪರಿಮಳ ಸಿಹಿಯಾಗಿ, ತಣ್ಣಗಿರುತ್ತದೆ. ಲ್ಯಾವೆಂಡಿನ್ ಅನ್ನುವುದು ಬೆರಕೆ ತಳಿ. ಇಳುವರಿ ಹೆಚ್ಚು, ಬೆಲೆ ಕಡಿಮೆ, ಆದರೆ ಮೂಸಿದರೆ ಕರ್ಪೂರ ಮೂಗಿಗೆ ಹೊಡೆಯುತ್ತದೆ. ಸೋಪಿಗೆ, ಬೀರುವಿನಲ್ಲಿಡುವ ಪುಟ್ಟ ಚೀಲಗಳಿಗೆ ಅದು ಚೆನ್ನ. ಮೈಗೆ ಹಚ್ಚುವುದಕ್ಕೆ ನನ್ನ ಆಯ್ಕೆ ಮೊದಲನೆಯದೇ.

ಬೆಂಗಳೂರಿನ ನರ್ಸರಿಗಳಲ್ಲಿ ಕುಂಡದಲ್ಲಿ ಸಿಗುವ ಲ್ಯಾವೆಂಡರ್ ಸಾಮಾನ್ಯವಾಗಿ ಲ್ಯಾವೆಂಡುಲಾ ಡೆಂಟಾಟಾ. ಎಲೆಯ ಅಂಚು ನೋಡಿ, ಗರಗಸದ ಹಾಗೆ ಹಲ್ಲುಹಲ್ಲಾಗಿದ್ದರೆ ಅದೇ. ನೋಡಲು ಚಂದ, ನಮ್ಮ ಹವೆಯನ್ನೂ ತಡೆದುಕೊಳ್ಳುತ್ತದೆ, ಆದರೆ ಎಣ್ಣೆಗೆ ಆ ಸಿಹಿ ಪರಿಮಳ ಕೊಡುವುದಿಲ್ಲ. ಅಂಗುಸ್ಟಿಫೋಲಿಯಾಗೆ ಚಳಿಗಾಲದ ಚಳಿ ಬೇಕು, ನೀರು ನಿಲ್ಲದ ಮಣ್ಣು ಬೇಕು. ನಮ್ಮ ಮಳೆಗಾಲದಲ್ಲಿ ಅದರ ಬೇರು ಕೊಳೆಯುತ್ತದೆ. ಬಾಲ್ಕನಿಯಲ್ಲಿ ಒಂದು ಗಿಡ ಉಳಿಸಿಕೊಂಡವರಿಗೂ ಎಣ್ಣೆಗೆ ಸಾಕಾಗುವಷ್ಟು ಹೂ ಸಿಗುವುದು ಕಷ್ಟ. ಒಣ ಹೂವು ಕೊಂಡು ತರುವುದೇ ಸುಲಭದ ದಾರಿ.

ಕೊಳ್ಳುವುದಾದರೆ ನಮ್ಮ ದೇಶದ್ದೇ ಇದೆ. ಜಮ್ಮುವಿನ ದೋಡಾ ಜಿಲ್ಲೆಯ ಭದರ್ವಾಹ್ ಕಣಿವೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದ ರೈತರು ಲ್ಯಾವೆಂಡರ್‌ಗೆ ಬದಲಾಗಿದ್ದಾರೆ. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನ ಸುಗಂಧ ಬೆಳೆಗಳ ಯೋಜನೆಯಾದ ಅರೋಮಾ ಮಿಷನ್ ಅಡಿಯಲ್ಲಿ ಸಸಿ, ಭಟ್ಟಿ ಇಳಿಸುವ ಯಂತ್ರ, ತರಬೇತಿ ಎಲ್ಲ ಅಲ್ಲಿಗೆ ಹೋಯಿತು. ಅದನ್ನೇ ನೇರಳೆ ಕ್ರಾಂತಿ ಅಂತ ಕರೆಯುತ್ತಾರೆ. ಅಲ್ಲಿ ಕೊಯ್ಲು ಜೂನ್, ಜುಲೈನಲ್ಲಿ. ಆದ್ದರಿಂದ ಆಗಸ್ಟ್ ನಂತರ ಆ ವರ್ಷದ ಹೊಸ ಹೂವು ಕೇಳಿ ಪಡೆಯಬಹುದು. ಪೊಟ್ಟಣದ ಮೇಲೆ ಕೊಯ್ಲಿನ ವರ್ಷ ಬರೆದಿದ್ದರೆ ಅದನ್ನೇ ಆರಿಸಿ. ಫ್ರಾನ್ಸಿನ ಪ್ರೊವಾನ್ಸ್ ಕಡೆಯ ಹೂವೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹಡಗಿನಲ್ಲಿ, ಗೋದಾಮಿನಲ್ಲಿ ಎಷ್ಟು ದಿನ ಕಳೆಯಿತೋ ಗೊತ್ತಾಗದ ಹೂವಿಗಿಂತ ಹತ್ತಿರದ ಹೊಸ ಹೂವೇ ಮೇಲು.

ಹೂವು ಕೈಗೆ ಬಂದ ಮೇಲೆ ಮೂರು ಪರೀಕ್ಷೆ ಮಾಡಿ. ನಾಲ್ಕೈದು ಮೊಗ್ಗು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ. ಪರಿಮಳ ಉಜ್ಜಿದ ಮೇಲೆ ಹೆಚ್ಚಾಗಬೇಕು. ಉಜ್ಜುವ ಮೊದಲೇ ಪೊಟ್ಟಣದಿಂದ ಸೆಂಟಿನ ಹಾಗೆ ನುಗ್ಗಿ, ಉಜ್ಜಿದಾಗ ಏನೂ ಹೊಸದು ಬರದಿದ್ದರೆ ಅದಕ್ಕೆ ಸುಗಂಧ ಚಿಮುಕಿಸಿದ್ದಾರೆ. ಎರಡನೆಯದು ಬಣ್ಣ. ಒಂದು ಚಿಟಿಕೆ ಹೂವನ್ನು ಬಿಳಿ ಬಟ್ಟಲಿನ ತಣ್ಣೀರಿಗೆ ಹಾಕಿ. ನೀರು ಕ್ಷಣದಲ್ಲೇ ಕಡು ನೇರಳೆಯಾದರೆ ಬಣ್ಣ ಹಚ್ಚಿದ್ದು. ಅಸಲಿ ಒಣ ಹೂವು ಬೂದು ಮಿಶ್ರಿತ ನೀಲಿ, ನೀರಿಗೆ ಮೆಲ್ಲಗೆ ಮಸುಕು ಬಣ್ಣ ಬಿಡುತ್ತದೆ. ಮೂರನೆಯದು ಒಣಗಿದೆಯೋ ಇಲ್ಲವೋ ಅನ್ನುವುದು. ಮೊಗ್ಗನ್ನು ಉಗುರಿನಿಂದ ಹಿಸುಕಿದರೆ ಪುಡಿಯಾಗಬೇಕು, ಬಾಗಬಾರದು. ಮನೆ ಅಲಂಕಾರಕ್ಕೆ, ಬುಟ್ಟಿಯಲ್ಲಿಡಲು ಅಂತ ಮಾರುವ ಹೂವು ಎಣ್ಣೆಗೆ ಬೇಡವೇ ಬೇಡ.

## ಒಣಗಿದ್ದನ್ನೂ ಒಮ್ಮೆ ಒಣಗಿಸಿ

ಕೊಂಡ ಹೂವು ಒಣಗಿದೆ ಅನ್ನಿಸಿದರೂ ನಮ್ಮ ಗಾಳಿಯ ತೇವ ಅದಕ್ಕೆ ಹಿಡಿದಿರುತ್ತದೆ. ಮಂಗಳೂರು, ಉಡುಪಿ, ಕಾರವಾರದವರು ಇದನ್ನು ಖಂಡಿತ ಗಮನಿಸಬೇಕು. ಹಪ್ಪಳ ಎರಡು ದಿನಕ್ಕೆ ಮೆತ್ತಗಾಗುವ ಊರಲ್ಲಿ ಹೂವೂ ಮೆತ್ತಗಾಗುತ್ತದೆ. ಅಗಲವಾದ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ, ಹೂವು ತೆಳ್ಳಗೆ ಹರಡಿ, ನೆರಳಿನಲ್ಲಿ ಫ್ಯಾನ್ ಕೆಳಗೆ ಒಂದು ಪೂರ್ತಿ ದಿನ ಇಡಿ. ನೇರ ಬಿಸಿಲು ಬೇಡ, ಅದು ಪರಿಮಳವನ್ನೂ ಒಯ್ಯುತ್ತದೆ.

ಮನೆಯ ಗಿಡದ್ದೇ ಹೂವು ಇದ್ದರೆ ಗೊಂಚಲಿನ ತಳದ ಒಂದೆರಡು ಹೂ ಅರಳಿ, ಉಳಿದವು ಮೊಗ್ಗಾಗಿರುವಾಗ ಕತ್ತರಿಸಿ. ಬೆಳಗಿನ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು. ಸಣ್ಣ ಸಣ್ಣ ಕಟ್ಟು ಮಾಡಿ ತಲೆಕೆಳಗಾಗಿ ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ. ಹತ್ತು ದಿನದಿಂದ ಎರಡು ವಾರ ಬೇಕು. ಕಾಂಡ ಬಗ್ಗಿಸಿದರೆ ಲಟಕ್ಕನೆ ಮುರಿಯಬೇಕು. ಆಮೇಲೆ ಮೊಗ್ಗುಗಳನ್ನು ಉದುರಿಸಿಕೊಳ್ಳಿ. ಹಸಿ ಹೂವನ್ನು ಹಾಗೇ ಎಣ್ಣೆಗೆ ಹಾಕಿದರೆ ಅದರ ನೀರು ತಳಕ್ಕಿಳಿದು ಕೂರುತ್ತದೆ. ಕೆಲವೇ ದಿನಗಳಲ್ಲಿ ಹುಳಿ ವಾಸನೆ, ಆಮೇಲೆ ಬೂಸ್ಟು.

## ಯಾವ ಎಣ್ಣೆಯಲ್ಲಿ ನೆನೆಹಾಕುವುದು

ನನ್ನ ಮೆಚ್ಚಿನದು ಗಾಣದ ಎಳ್ಳೆಣ್ಣೆ. ಹಳೇ ಮೈಸೂರು ಕಡೆ ಒಳ್ಳೆಣ್ಣೆ ಅಂತಲೂ ಕರೆಯುತ್ತಾರೆ. ಸೆಸಮಾಲ್‌ನಂಥ ಅಂಶಗಳು ಅದರಲ್ಲಿ ಸಹಜವಾಗಿಯೇ ಇರುವುದರಿಂದ ಬೇಗ ಕಮಟು ಹಿಡಿಯುವುದಿಲ್ಲ. ಮೈಗೆ ಹಚ್ಚಿ ಬಿಸಿನೀರು ಹೊಯ್ದುಕೊಳ್ಳುವ ನಮ್ಮ ಎಣ್ಣೆಸ್ನಾನಕ್ಕೆ ಹೇಳಿ ಮಾಡಿಸಿದ್ದು. ಒಂದೇ ತೊಡಕು, ಅದಕ್ಕೆ ತನ್ನದೇ ವಾಸನೆ ಇದೆ. ಹುರಿದ ಎಳ್ಳಿನ ಕಪ್ಪು ಬಣ್ಣದ ಎಣ್ಣೆಯನ್ನಂತೂ ತರಲೇಬೇಡಿ, ಲ್ಯಾವೆಂಡರ್ ಅದರಲ್ಲಿ ಮುಳುಗಿಹೋಗುತ್ತದೆ.

ಪರಿಮಳವೇ ಮುಖ್ಯ ಅನ್ನುವವರಿಗೆ ಸಿಹಿ ಬಾದಾಮಿ ಎಣ್ಣೆ. ವಾಸನೆ ಬಹಳ ಕಡಿಮೆ, ಚರ್ಮಕ್ಕೆ ಹಗುರ. ಬಾದಾಮಿಯ ಅಲರ್ಜಿ ಇರುವವರು ಮುಟ್ಟಬಾರದು. ಕೊಬ್ಬರಿ ಎಣ್ಣೆ ತಲೆಗೆ ಒಳ್ಳೆಯದು, ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ನೆನೆಹಾಕಲು ಹೊರಟರೆ ಹೂವು ಗಟ್ಟಿ ಎಣ್ಣೆಯೊಳಗೆ ಸಿಕ್ಕಿಕೊಳ್ಳುತ್ತದೆ. ಮುಖದಲ್ಲಿ ಮೊಡವೆ ಏಳುವವರು ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚದಿರುವುದೇ ಮೇಲು. ಅಡುಗೆಮನೆಯ ಸೂರ್ಯಕಾಂತಿ ಎಣ್ಣೆ ಬೇಗ ಕಮಟಾಗುತ್ತದೆ, ವಾರಗಟ್ಟಲೆ ನೆನೆಸುವ ಕೆಲಸಕ್ಕೆ ಬೇಡ.

ಅಳತೆ ಹೀಗಿಟ್ಟುಕೊಳ್ಳಿ: 25 ಗ್ರಾಂ ಒಣ ಹೂವಿಗೆ 250 ಮಿಲಿ ಎಣ್ಣೆ. ಲ್ಯಾವೆಂಡರ್ ತುಂಬ ಹಗುರ, 25 ಗ್ರಾಂ ಅಂದರೆ ಒಂದು ಬಟ್ಟಲು ತುಂಬುತ್ತದೆ. ಹೂವು ಎಣ್ಣೆ ಹೀರಿಕೊಳ್ಳುವುದರಿಂದ ಕೊನೆಗೆ ಸುಮಾರು 200 ಮಿಲಿ ಕೈಗೆ ಸಿಗುತ್ತದೆ.

## ಪಾತ್ರೆ ಸಿದ್ಧಮಾಡಿಕೊಳ್ಳುವುದು

ಬೇಕಾದದ್ದು ಹೆಚ್ಚೇನಿಲ್ಲ. ಅರ್ಧ ಲೀಟರಿನ ಅಗಲ ಬಾಯಿಯ ಗಾಜಿನ ಜಾಡಿ, ಒಂದು ದೊಡ್ಡ ಪಾತ್ರೆ, ತೆಳ್ಳನೆ ಮಲ್ ಬಟ್ಟೆ, ಸ್ಟೀಲ್ ಜರಡಿ, ಕೊನೆಗೆ ತುಂಬಿಡಲು ಕಂದು ಗಾಜಿನ ಬಾಟಲಿಗಳು. ಅಡುಗೆಯ ಥರ್ಮಾಮೀಟರ್ ಇದ್ದರೆ ತುಂಬ ಅನುಕೂಲ.

ಉಪ್ಪಿನಕಾಯಿ ಜಾಡಿಯನ್ನು ಬಳಸುವುದಾದರೆ ಮುಚ್ಚಳ ಮೂಸಿ ನೋಡಿ. ಗಾಜಿನ ವಾಸನೆ ಹೋದರೂ ಮುಚ್ಚಳದ ಒಳಗಿನ ರಬ್ಬರಿನದು ಹೋಗಿರುವುದಿಲ್ಲ. ಜಾಡಿ, ಬಾಟಲಿಗಳನ್ನು ಸೋಪಿನಲ್ಲಿ ತೊಳೆದು, ಹತ್ತು ನಿಮಿಷ ನೀರಲ್ಲಿ ಕುದಿಸಿ, ಬಿಸಿಲಿನಲ್ಲಿ ಬೋರಲು ಹಾಕಿ. ತುಂಬಿಸುವ ಮೊದಲು ಬೆಳಕಿಗೆ ಹಿಡಿದು ನೋಡಿ. ಕತ್ತಿನ ಒಳಗೆ, ಮುಚ್ಚಳದ ತಿರುಪಿನಲ್ಲಿ ಹನಿ ಅಡಗಿರುತ್ತದೆ. ಒಂದು ಹನಿಯೂ ಉಳಿಯಬಾರದು.

## ಬಿಸಿಲಿನ ಕ್ರಮ

ಸಮಯ ಇದ್ದರೆ ಇದೇ ಒಳ್ಳೆಯದು. ಹೂವನ್ನು ಒರಳಿನಲ್ಲಿ ಹಾಕಿ ಒಂದೆರಡು ಸಲ ಮೆತ್ತಗೆ ಒತ್ತಿ. ಮೊಗ್ಗಿನ ಹೊರಕವಚ ಬಿರಿದರೆ ಸಾಕು. ಅದರ ಮೇಲಿರುವ ಸಣ್ಣ ಗ್ರಂಥಿಗಳಲ್ಲೇ ಪರಿಮಳದ ಎಣ್ಣೆ ಇರುವುದು. ಪುಡಿ ಮಾಡಿಬಿಟ್ಟರೆ ಆಮೇಲೆ ಸೋಸುವುದು ತಲೆನೋವು.

ಹೂವನ್ನು ಜಾಡಿಗೆ ಹಾಕಿ, ಮೇಲೆ ಎಣ್ಣೆ ಸುರಿಯಿರಿ. ಒಣ ಚಮಚದಿಂದ ಕೆದಕಿ ಗಾಳಿಗುಳ್ಳೆ ಬಿಡಿಸಿ. ಮೊದಲಿಗೆ ಹೂವೆಲ್ಲ ತೇಲುತ್ತದೆ. ಎರಡು ಮೂರು ದಿನದಲ್ಲಿ ಎಣ್ಣೆ ಕುಡಿದು ಕೆಳಗಿಳಿಯುತ್ತದೆ. ಆಗ ಎಣ್ಣೆಯ ಮಟ್ಟ ನೋಡಿ, ಹೂವಿನ ಮೇಲೆ ಒಂದು ಬೆರಳಷ್ಟು ನಿಂತಿರಬೇಕು. ಕಡಿಮೆಯಾಗಿದ್ದರೆ ಇನ್ನಷ್ಟು ಹಾಕಿ. ಎಣ್ಣೆಯಿಂದ ಮೇಲೆ ಇಣುಕುವ ಹೂವಿಗೇ ಮೊದಲು ಬೂಸ್ಟು ಬರುವುದು.

ಜಾಡಿಗೆ ಕಂದು ಕಾಗದ ಸುತ್ತಿ ಬಿಸಿಲಿಗಿಡಿ. ನಮಗೆ ಬೇಕಾದದ್ದು ಬಿಸಿಲಿನ ಕಾವು ಮಾತ್ರ. ಬೆಳಕು ನೇರವಾಗಿ ಬಿದ್ದರೆ ಎಣ್ಣೆ ಬೇಗ ಕೆಡುತ್ತದೆ. ದಿನಕ್ಕೊಮ್ಮೆ ಜಾಡಿ ಅಲುಗಿಸಿ. ಸಂಜೆ ಒಳಗೆ ತನ್ನಿ.

ಮೊದಲ ವಾರ ಮುಚ್ಚಳದ ಒಳಮೈ ನೋಡುವುದನ್ನು ಮರೆಯಬೇಡಿ. ಅಲ್ಲಿ ಸಣ್ಣ ಹನಿ ಕಂಡರೆ ಹೂವಿನಲ್ಲಿ ತೇವ ಉಳಿದಿದೆ ಎಂದರ್ಥ. ಒರೆಸಿ, ಒಂದು ಹಗಲು ಮುಚ್ಚಳದ ಬದಲು ತೆಳು ಬಟ್ಟೆ ಕಟ್ಟಿಡಿ. ಮರುದಿನವೂ ಹನಿ ಕಟ್ಟಿದರೆ ಬಿಸಿಲಿನ ಕ್ರಮ ಬಿಟ್ಟು ಕೆಳಗೆ ಹೇಳಿರುವ ಬಿಸಿನೀರಿನ ಕ್ರಮಕ್ಕೆ ಬನ್ನಿ.

ಬೆಂಗಳೂರು, ಮೈಸೂರಿನ ಹವೆಯಲ್ಲಿ ಮೂರು ವಾರ ಬೇಕು. ಬಳ್ಳಾರಿ, ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಎರಡು ವಾರ ಸಾಕು. ಅಲ್ಲಿ ಬೆಳಗಿನ ಬಿಸಿಲು ಮಾತ್ರ ಬೀಳುವ ಜಾಗ ಹುಡುಕಿ, ಮಧ್ಯಾಹ್ನದ ತಾರಸಿ ಬೇಡ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕ್ರಮದ ಆಸೆ ಬಿಡುವುದೇ ಸರಿ.

## ಬಿಸಿನೀರಿನ ಕ್ರಮ

ಮಳೆಗಾಲಕ್ಕೂ, ಇವತ್ತೇ ಆಗಬೇಕು ಅನ್ನುವವರಿಗೂ ಇದು. ದೊಡ್ಡ ಪಾತ್ರೆಯ ತಳದಲ್ಲಿ ಮಡಿಸಿದ ಬಟ್ಟೆ ಹಾಸಿ, ಅದರ ಮೇಲೆ ಹೂವು ಮತ್ತು ಎಣ್ಣೆ ತುಂಬಿದ ಜಾಡಿ ಇಡಿ. ಜಾಡಿಯ ಅರ್ಧದವರೆಗೆ ಬರುವಷ್ಟು ತಣ್ಣೀರು ಸುತ್ತ ಹೊಯ್ಯಿರಿ. ತಣ್ಣೀರೇ ಆಗಬೇಕು, ಬಿಸಿನೀರಿಗೆ ಗಾಜು ಇಳಿಸಿದರೆ ಸೀಳುತ್ತದೆ. ಮುಚ್ಚಳ ಸುಮ್ನೆ ಮೇಲಿಡಿ, ಬಿಗಿ ಮಾಡಬೇಡಿ.

ಒಲೆ ಹಚ್ಚಿ ಸಿಮ್‌ನಲ್ಲಿಡಿ. ಎಣ್ಣೆ 45ರಿಂದ 55 ಡಿಗ್ರಿಯ ನಡುವೆ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಹೊರಗಿನ ನೀರು ನೋಡಿಕೊಳ್ಳಿ. ತಳದಲ್ಲಿ ಗುಳ್ಳೆ ಏಳಲು ಶುರುವಾಯಿತು ಅಂದರೆ ಆಗಲೇ ಜಾಸ್ತಿಯಾಯಿತು. ನೀರು ಚೆನ್ನಾಗಿ ಬಿಸಿಯಾದ ಕೂಡಲೇ ಒಲೆ ಆರಿಸಿ, ಪಾತ್ರೆಯನ್ನು ಹಾಗೇ ಬಿಡಿ. ಅರ್ಧ ಗಂಟೆ ಕಳೆದು ತಣ್ಣಗಾಗುತ್ತಿದ್ದರೆ ಮತ್ತೆ ಎರಡು ನಿಮಿಷ ಉರಿ ಕೊಡಿ. ಹೀಗೆ ನಾಲ್ಕು ಗಂಟೆ. ಪ್ರತಿ ಸಲ ಮುಚ್ಚಳ ಎತ್ತಿದಾಗ ಒಳಮೈ ಒರೆಸಿ, ಅಲ್ಲಿ ಕಟ್ಟಿದ ಹಬೆ ಎಣ್ಣೆಗೆ ತೊಟ್ಟಿಕ್ಕಬಾರದು.

ಈ ನಾಲ್ಕು ಗಂಟೆಯಲ್ಲಿ ಮೂಗೇ ನಿಮ್ಮ ಮುಖ್ಯ ಸಾಧನ. ಮೊದಲ ಅರ್ಧ ಗಂಟೆ ಎಳ್ಳೆಣ್ಣೆಯ ವಾಸನೆ ಮಾತ್ರ. ಆಮೇಲೆ ಹೂವಿನ ಬುಡದಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದಾಗಿ ಮೇಲೇಳುತ್ತವೆ, ಒಳಗಿದ್ದ ಗಾಳಿ ಹೊರಡುತ್ತಿದೆ. ತೇಲುತ್ತಿದ್ದ ಮೊಗ್ಗುಗಳು ಒಂದೊಂದೇ ಮುಳುಗುತ್ತವೆ. ನೀಲಿ ಮಾಸಿ ಕಂದಾಗುತ್ತದೆ, ಎಣ್ಣೆಗೆ ಹಸಿರು ಛಾಯೆ ಹತ್ತುತ್ತದೆ. ಎರಡು ಗಂಟೆಯ ಹೊತ್ತಿಗೆ ಮುಚ್ಚಳ ಎತ್ತಿದರೆ ಎಳ್ಳು ಹಿಂದೆ ಸರಿದು ಲ್ಯಾವೆಂಡರ್ ಮುಂದೆ ಬಂದಿರುತ್ತದೆ. ಒಣಹುಲ್ಲು ಹುರಿದ ಹಾಗೆ ವಾಸನೆ ಬಂದರೆ ಕಾವು ಜಾಸ್ತಿಯಾಗಿದೆ, ಜಾಡಿಯನ್ನು ತಕ್ಷಣ ನೀರಿನಿಂದ ತೆಗೆದು ಒಣ ಬಟ್ಟೆಯ ಮೇಲಿಡಿ.

ನಾಲ್ಕು ಗಂಟೆ ಮುಗಿದ ಮೇಲೆ ಆರಲು ಬಿಟ್ಟು, ರಾತ್ರಿಯಿಡೀ ಹೂವಿನ ಜೊತೆಗೇ ಇರಲಿ. ಮೈಕ್ರೋವೇವ್‌ನಲ್ಲಿ ಮಾಡಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಕಾವು ಹಿಡಿತಕ್ಕೆ ಸಿಗುವುದಿಲ್ಲ.

## ಸೋಸುವುದು ಮತ್ತು ಬತ್ತಿಯ ಪರೀಕ್ಷೆ

ಜರಡಿಯ ಮೇಲೆ ಎರಡು ಪದರ ಮಲ್ ಬಟ್ಟೆ ಹಾಸಿ ಸೋಸಿ. ತಾನಾಗಿ ಇಳಿಯುವಷ್ಟು ಇಳಿಯಲಿ, ಆಮೇಲೆ ಬಟ್ಟೆ ಗಂಟುಕಟ್ಟಿ ಹಿಂಡಿ. ಕೈ ತೊಳೆದು, ಒರೆಸಿ, ಪೂರ್ತಿ ಆರಿರಬೇಕು. ಹಿಂಡಿ ತೆಗೆದ ಎಣ್ಣೆಯನ್ನು ಬೇರೆ ಬಟ್ಟಲಿನಲ್ಲಿ ಇಟ್ಟುಕೊಳ್ಳಿ. ತೇವ, ಪುಡಿ ಏನಿದ್ದರೂ ಅದರಲ್ಲೇ ಹೆಚ್ಚು, ಅದನ್ನು ಮೊದಲು ಬಳಸಿ ಮುಗಿಸಿ.

ಸೋಸಿದ ಎಣ್ಣೆಯನ್ನು ಒಂದು ದಿನ ಅಲುಗಿಸದೆ ಇಡಿ. ತಳದಲ್ಲಿ ಸಣ್ಣ ಪುಡಿ ಕೂರುತ್ತದೆ. ಅದರ ಕೆಳಗೆ ಗುಂಡುಗುಂಡಾದ ಹನಿ ಜಾರಾಡುತ್ತಿದ್ದರೆ ಅದು ನೀರು. ಮೇಲಿನ ತಿಳಿಯನ್ನು ಮಾತ್ರ ನಿಧಾನವಾಗಿ ಬಗ್ಗಿಸಿಕೊಂಡು ತಳದ್ದನ್ನು ಬಿಟ್ಟುಬಿಡಿ.

ಇಲ್ಲಿ ನಮ್ಮ ಹಳೆಯ ವಿದ್ಯೆ ಒಂದು ಬಳಕೆಗೆ ಬರುತ್ತದೆ. ತೈಲ ಹದಕ್ಕೆ ಬಂತೇ ಎಂದು ನೋಡಲು ಅದರ ಕಲ್ಕವನ್ನು, ಅಂದರೆ ಎಣ್ಣೆಗೆ ಅರೆದು ಹಾಕಿದ ಮೂಲಿಕೆಯ ಮುದ್ದೆಯನ್ನು, ಬತ್ತಿಯ ಹಾಗೆ ಹೊಸೆದು ಬೆಂಕಿಗೆ ಹಿಡಿಯುವ ಕ್ರಮ ಆಯುರ್ವೇದದಲ್ಲಿದೆ. ನೀವು ಒಂದು ಹತ್ತಿಯ ಬತ್ತಿಯನ್ನು ಈ ಎಣ್ಣೆಯಲ್ಲಿ ಅದ್ದಿ, ಹಣತೆಯಲ್ಲಿಟ್ಟು ಹಚ್ಚಿ. ಸದ್ದಿಲ್ಲದೆ ಉರಿದರೆ ನೀರಿಲ್ಲ. ಚಿಟಿಚಿಟಿ ಅಂದರೆ ಇನ್ನೂ ಇದೆ. ಹಾಗಿದ್ದರೆ ಇನ್ನೊಂದು ದಿನ ತಿಳಿಯಾಗಲು ಬಿಟ್ಟು ಮತ್ತೆ ಬಗ್ಗಿಸಿಕೊಳ್ಳಿ. ಮುಖ ಹತ್ತಿರ ಒಯ್ಯಬೇಡಿ, ನೀರಿದ್ದರೆ ಎಣ್ಣೆ ಸಿಡಿಯುತ್ತದೆ.

## ಬಾಟಲಿಗೆ ತುಂಬುವುದು

ಕಂದು ಬಾಟಲಿ, ಕತ್ತಿನವರೆಗೆ ಎಣ್ಣೆ. ಮೇಲೆ ಖಾಲಿ ಜಾಗ ಬಿಟ್ಟಷ್ಟೂ ಗಾಳಿ ಜಾಸ್ತಿ. ಒಂದು ದೊಡ್ಡ ಬಾಟಲಿಗಿಂತ 50 ಮಿಲಿಯ ನಾಲ್ಕು ಬಾಟಲಿ ಒಳ್ಳೆಯದು, ಒಂದನ್ನು ಬಳಸುವಾಗ ಉಳಿದವು ತೆರೆಯದೆ ಇರುತ್ತವೆ. 200 ಮಿಲಿ ಎಣ್ಣೆಗೆ 400 ಮಿಲಿಗ್ರಾಂನ ಎರಡು ವಿಟಮಿನ್ ಇ ಕ್ಯಾಪ್ಸೂಲ್ ಚುಚ್ಚಿ ಹಿಂಡಿದರೆ ಕಮಟಾಗುವುದು ನಿಧಾನವಾಗುತ್ತದೆ. ಅದು ಬೂಸ್ಟನ್ನು ತಡೆಯುವುದಿಲ್ಲ. ಬೂಸ್ಟಿಗೆ ಮದ್ದು ಒಂದೇ, ನೀರಿಲ್ಲದಿರುವುದು.

ಮಾಡಿದ ತಾರೀಕು, ಯಾವ ಎಣ್ಣೆ ಅನ್ನುವುದನ್ನು ಬಾಟಲಿಯ ಮೇಲೆ ಬರೆದು ಅಂಟಿಸಿ. ಒಲೆಯ ಹತ್ತಿರ, ಬಚ್ಚಲಿನಲ್ಲಿ ಇಡಬೇಡಿ. ಕತ್ತಲೆಯ ಬೀರುವಿನಲ್ಲಿ ಎಳ್ಳೆಣ್ಣೆಯದು ಆರು ತಿಂಗಳು ಚೆನ್ನಾಗಿರುತ್ತದೆ, ಬಾದಾಮಿಯದನ್ನು ನಾಲ್ಕು ತಿಂಗಳಲ್ಲಿ ಮುಗಿಸಿ.

## ಪರಿಮಳ ಸಾಲದು ಅನ್ನಿಸಿದರೆ

ಸೋಸಿದ ಎಣ್ಣೆಗೇ ಮತ್ತೆ 20 ಗ್ರಾಂ ಹೊಸ ಒಣ ಹೂವು ಹಾಕಿ ಎರಡನೇ ಸಲ ನೆನೆಹಾಕಿ. ಎಣ್ಣೆ ಇನ್ನಷ್ಟು ಕಡಿಮೆಯಾಗುತ್ತದೆ, ಆದರೆ ಪರಿಮಳದಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗುತ್ತದೆ. ಅಷ್ಟು ಹೂವು ಇಲ್ಲದಿದ್ದರೆ ಒಳ್ಳೆಯ ಎಸೆನ್ಶಿಯಲ್ ಆಯಿಲ್ ಸ್ವಲ್ಪ ಸೇರಿಸಬಹುದು. 200 ಮಿಲಿಗೆ 2 ಮಿಲಿ ಅಂದರೆ ಶೇಕಡಾ 1. ಸುಮಾರು 40 ಹನಿ. ಇದಕ್ಕಿಂತ ಜಾಸ್ತಿ ಬೇಡ.

## ಜೊತೆಗೆ ಯಾವ ಗಿಡಮೂಲಿಕೆ ಹಾಕಬಹುದು

ನನಗೆ ಈ ಕೆಲಸದಲ್ಲಿ ಅತಿ ಖುಷಿ ಕೊಡುವ ಭಾಗ ಇದು. ಲ್ಯಾವೆಂಡರ್ ದೂರದ ಹೂವು, ಆದರೆ ಅದಕ್ಕೆ ಜೋಡಿಯಾಗುವ ಪರಿಮಳಗಳು ನಮ್ಮ ಹೂವಿನ ಮಾರುಕಟ್ಟೆಯಲ್ಲೇ ಇವೆ.

ಮೊದಲನೆಯದು ಲಾವಂಚದ ಬೇರು. ಬೇಸಿಗೆಯಲ್ಲಿ ಮಣ್ಣಿನ ಹೂಜಿಗೆ ಹಾಕುತ್ತೇವಲ್ಲ, ಅದೇ. ಲ್ಯಾವೆಂಡರ್ ಪರಿಮಳ ಹಗುರ, ಬೇಗ ಹಾರುತ್ತದೆ. ಲಾವಂಚದ್ದು ಭಾರ, ಮೈಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಎರಡೂ ಸೇರಿದರೆ ಮಳೆ ಬಿದ್ದ ಮಣ್ಣಿನ ಮೇಲೆ ಹೂವು ಚೆಲ್ಲಿದಂತಿರುತ್ತದೆ. ಬೇರನ್ನು ತೊಳೆದು, ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ, ಕತ್ತರಿಯಿಂದ ಅರ್ಧ ಅಂಗುಲಕ್ಕೆ ಕತ್ತರಿಸಿ. ಬೇರು ಸತ್ವ ಬಿಡುವುದು ನಿಧಾನ. ಹಾಗಾಗಿ 5 ಗ್ರಾಂ ಬೇರನ್ನು ಎಣ್ಣೆಯಲ್ಲಿ ಒಂದು ವಾರ ಮೊದಲೇ ನೆನೆಹಾಕಿ, ಆಮೇಲೆ 20 ಗ್ರಾಂ ಲ್ಯಾವೆಂಡರ್ ಸೇರಿಸಿ.

ಎರಡನೆಯದು ದವನ. ದೇವರ ತಲೆಗೆ, ಜಡೆಗೆ ಮುಡಿಸುವ ಆ ಬೂದು ಹಸಿರು ಸೊಪ್ಪು. ಇದರ ಎಣ್ಣೆ ಸುಗಂಧ ತಯಾರಕರಿಗೆ ಬೆಲೆಬಾಳುವ ವಸ್ತು, ಬೆಳೆಯುವುದು ಹೆಚ್ಚಾಗಿ ನಮ್ಮ ದಕ್ಷಿಣದಲ್ಲೇ. ಹಣ್ಣಿನಂಥ ಸಿಹಿ ಇದೆ, ಆದರೆ ಬಹಳ ಜೋರು. 25 ಗ್ರಾಂ ಲ್ಯಾವೆಂಡರ್‌ಗೆ 2 ಗ್ರಾಂ ಒಣ ದವನ ಸಾಕು. ಮಾರುಕಟ್ಟೆಯಲ್ಲಿ ನೀರು ಚಿಮುಕಿಸಿದ ಕಟ್ಟು ಸಿಗುತ್ತದೆ, ಒಂದು ವಾರವಾದರೂ ನೆರಳಲ್ಲಿ ಒಣಗಿಸಿ. ಮರುಗಕ್ಕೂ ಇದೇ ಮಾತು, ಅದು ದವನಕ್ಕಿಂತ ಸೌಮ್ಯ. 5 ಗ್ರಾಂವರೆಗೆ ಹಾಕಬಹುದು. ತಲೆಗೆ ಹಚ್ಚುವ ಎಣ್ಣೆಗಾದರೆ ಒಣ ರೋಸ್‌ಮೇರಿ 5 ಗ್ರಾಂ ಚೆನ್ನಾಗಿ ಹೊಂದುತ್ತದೆ.

ವಿದೇಶಿ ವಿಧಾನಗಳಲ್ಲಿ ಕ್ಯಾಲೆಂಡುಲಾ ಹಾಕಿ ಅಂತ ಇರುತ್ತದೆ. ಅದು ನಮ್ಮ ಪೂಜೆಯ ಚೆಂಡು ಹೂವಲ್ಲ. ಎರಡೂ ಬೇರೆ ಗಿಡ, ಒಂದರ ಬದಲು ಇನ್ನೊಂದನ್ನು ಹಾಕಬೇಡಿ. ಬೇವಿನ ಸೊಪ್ಪು ಹಾಕಿದರೆ ಲ್ಯಾವೆಂಡರ್ ಹಾಕಿದ್ದೇ ಗೊತ್ತಾಗುವುದಿಲ್ಲ. ಒಂದು ಎಣ್ಣೆಗೆ ಲ್ಯಾವೆಂಡರ್ ಜೊತೆ ಇನ್ನೊಂದು ಪರಿಮಳ, ಹೆಚ್ಚೆಂದರೆ ಎರಡು. ಐದಾರು ಸೇರಿಸಿದರೆ ಯಾವುದೂ ತನ್ನ ಗುರುತು ಹೇಳುವುದಿಲ್ಲ.

## ಬಳಸುವುದು, ಎಚ್ಚರ ವಹಿಸುವುದು

ಮೊದಲ ಸಲ ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಎರಡು ದಿನ ಕಾಯಿರಿ. ತುರಿಕೆ, ಕೆಂಪು ಇಲ್ಲದಿದ್ದರೆ ಮುಂದುವರಿಸಿ. ಮಲಗುವ ಮೊದಲು ಒಂದು ಚಮಚ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಕತ್ತು, ಭುಜ, ಅಂಗಾಲಿಗೆ ತಿಕ್ಕಿದರೆ ದಿನದ ಆಯಾಸ ಇಳಿಯುತ್ತದೆ. ಪರಿಮಳಕ್ಕೆ ಮನಸ್ಸು ಹಗುರಾಗುತ್ತದೆ, ನಿಜ. ಆದರೆ ಇದು ನಿದ್ದೆಯ ಔಷಧಿ ಅಲ್ಲ, ಕೂದಲು ಬೆಳೆಸುವ ಮಂತ್ರವೂ ಅಲ್ಲ. ಎಣ್ಣೆಸ್ನಾನಕ್ಕೆ ಬಳಸಿದರೆ ಸೀಗೆಪುಡಿ ಅಥವಾ ಕಡಲೆಹಿಟ್ಟಿನಿಂದ ತೆಗೆಯಿರಿ, ಬಚ್ಚಲ ನೆಲ ಜಾರುವುದನ್ನು ನೆನಪಿಡಿ. ಮುಲಾಮು ಬೇಕಿದ್ದರೆ 100 ಮಿಲಿ ಎಣ್ಣೆಗೆ 20 ಗ್ರಾಂ ಜೇನುಮೇಣ ಬಿಸಿನೀರಿನ ಪಾತ್ರೆಯಲ್ಲೇ ಕರಗಿಸಿ ಡಬ್ಬಿಗೆ ಹೊಯ್ಯಿರಿ, ಒಡೆದ ಹಿಮ್ಮಡಿಗೆ ಚೆನ್ನಾಗಿರುತ್ತದೆ.

ತೆರೆದ ಗಾಯಕ್ಕೆ, ಕಣ್ಣಿನ ಸುತ್ತ ಹಚ್ಚಬೇಡಿ. ಇದು ಕುಡಿಯುವ, ತಿನ್ನುವ ಎಣ್ಣೆಯಲ್ಲ. ಹಸುಗೂಸುಗಳಿಗೆ ಬೇಡ. 2007ರಲ್ಲಿ ಅಮೆರಿಕದ ವೈದ್ಯರು ಲ್ಯಾವೆಂಡರ್, ಟೀ ಟ್ರೀ ಎಣ್ಣೆಯಿದ್ದ ಸಾಮಗ್ರಿ ಬಳಸುತ್ತಿದ್ದ ಮೂವರು ಹುಡುಗರಲ್ಲಿ ಎದೆ ಬೆಳೆದದ್ದನ್ನು ವರದಿ ಮಾಡಿದರು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಅಂಥ ನಂಟು ಕಾಣಲಿಲ್ಲ. ಹಾಗಿದ್ದರೂ ಚಿಕ್ಕ ಮಕ್ಕಳಿಗೆ ದಿನವೂ ಹಚ್ಚದಿರುವುದು ಕ್ಷೇಮ. ಬಸುರಿಯರು, ಚರ್ಮದ ತೊಂದರೆಗೆ ಮದ್ದು ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳಿ. ಬೆಕ್ಕು ಸಾಕಿದವರು ಅದು ನೆಕ್ಕದ ಹಾಗೆ ನೋಡಿಕೊಳ್ಳಿ.

ಹಳೆಯ ಎಣ್ಣೆಯ ಬಗ್ಗೆ ಒಂದು ಮಾತು. ಲ್ಯಾವೆಂಡರ್‌ನ ಲಿನಲೂಲ್ ಗಾಳಿಗೆ ತೆರೆದುಕೊಂಡು ಹಳತಾದಷ್ಟೂ ಚರ್ಮಕ್ಕೆ ಅಲರ್ಜಿ ತರುವ ವಸ್ತುಗಳಾಗಿ ಬದಲಾಗುತ್ತದೆ. ಮೊದಲು ಒಗ್ಗಿದ ಎಣ್ಣೆಯೇ ಎಂಟು ತಿಂಗಳ ಮೇಲೆ ತುರಿಕೆ ತಂದರೆ ಕಾರಣ ಇದಿರಬಹುದು. ಹಳೇ ಕರಿದ ತಿಂಡಿಯಂಥ ಕಮಟು ವಾಸನೆ, ಅಂಟಂಟು, ಮಸುಕು ಕಂಡರೆ ಮೈಗೆ ಬೇಡ. ಸಿಂಕಿಗೆ ಸುರಿಯಬೇಡಿ, ಹಳೇ ಪೇಪರಿಗೆ ಹೀರಿಸಿ ಕಸಕ್ಕೆ ಹಾಕಿ. ಬಾಟಲಿಯನ್ನು ಬಿಸಿನೀರು ಮತ್ತು ಸೋಪಿನಲ್ಲಿ ಎರಡು ಸಲ ತೊಳೆದು, ಕುದಿಸಿ, ಒಣಗಿಸಿಡಿ. ತಳದಲ್ಲಿ ಹಳೇ ಎಣ್ಣೆಯ ಜಿಡ್ಡು ಉಳಿದ ಬಾಟಲಿಗೆ ಹೊಸದನ್ನು ತುಂಬಿದರೆ ಆ ಕಮಟು ಹೊಸ ಎಣ್ಣೆಗೂ ಬೇಗ ಹತ್ತುತ್ತದೆ.